ಬೆರಳಿನ ಸಣ್ಣ ಶಸ್ತ್ರಚಿಕಿತ್ಸೆ: ಎಚ್ಚರದಲ್ಲಿಯೋ, ಎಚ್ಚರ ತಪ್ಪಿಸಿಯೋ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನ್ನ ತಾಯಿಗೆ 62 ವರ್ಷ, ಸಕ್ಕರೆ ಕಾಯಿಲೆಯಿದೆ. ಬಲಗೈ ಉಂಗುರದ ಬೆರಳು ಮಡಚಿದಾಗ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಕೈಯಿಂದಲೇ ಬಿಡಿಸಬೇಕು. ಇದು ಟ್ರಿಗರ್ ಫಿಂಗರ್ ಎಂದೂ, ಆ ಜಾಗವನ್ನಷ್ಟೇ ಮರಗಟ್ಟಿಸಿ ಶಸ್ತ್ರಚಿಕಿತ್ಸೆ ಮಾಡಿ ಅಂದೇ ಮನೆಗೆ ಕಳುಹಿಸುವುದಾಗಿಯೂ ಸರ್ಜನ್ ಹೇಳಿದ್ದಾರೆ. ಅಮ್ಮ ಮಾತ್ರ ಪೂರ್ತಿ ಎಚ್ಚರ ತಪ್ಪಿಸಿಯೇ ಮಾಡಬೇಕೆಂದು ಹಟ ಹಿಡಿದಿದ್ದಾರೆ. ಅವರ ಇಷ್ಟದಂತೆ ಮಾಡಿಸಬಹುದೇ?

ಉತ್ತರ (ಅರಿವಳಿಕೆ ತಜ್ಞೆ): ನಮಸ್ಕಾರ. ಅವರ ಇಷ್ಟವನ್ನು ಹಟವೆಂದು ತಳ್ಳಿಹಾಕಬೇಡಿ. ಇಂಥ ಶಸ್ತ್ರಚಿಕಿತ್ಸೆಗೆ ಒಂದಕ್ಕಿಂತ ಹೆಚ್ಚು ದಾರಿಗಳಿರುವಾಗ ರೋಗಿಯ ಮನಸ್ಸಿಗೂ ಆ ಆಯ್ಕೆಯಲ್ಲಿ ಪಾಲಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಮೊದಲು ಅವರು ಹೆದರುವುದು ಯಾವುದಕ್ಕೆಂದು ಕೇಳಿ. ಕೊಯ್ಯುವುದನ್ನು ನೋಡಬೇಕಾದೀತೆಂಬ ಭಯವಾದರೆ ನಡುವೆ ಬಟ್ಟೆಯ ಪರದೆ ಕಟ್ಟುತ್ತಾರೆ. ಸೂಜಿಯ ಭಯವಾದರೆ, ಮರಗಟ್ಟಿಸುವ ಔಷಧವಾದ ಲಿಡೊಕೇನ್‌ಗೆ ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ, ತೀರ ಸಣ್ಣ ಸೂಜಿಯಿಂದ ನಿಧಾನವಾಗಿ ಕೊಟ್ಟಾಗ ಉರಿ ಬಹಳ ಕಡಿಮೆಯಾಗುತ್ತದೆ. ಮರಗಟ್ಟಿದ ಮೇಲೆ ಮುಟ್ಟಿದ್ದು, ಎಳೆದದ್ದು ತಿಳಿಯಬಹುದು, ನೋವು ತಿಳಿಯಬಾರದು; ತಿಳಿದರೆ ಹೇಳಿದ ಕೂಡಲೇ ಇನ್ನಷ್ಟು ಔಷಧ ಕೊಡುತ್ತಾರೆ.

ಎಚ್ಚರದಲ್ಲಿದ್ದವರು ಹೆಚ್ಚಾಗಿ ದೂರುವುದು ರಕ್ತ ನಿಲ್ಲಿಸಲು ತೋಳಿಗೆ ಬಿಗಿಯುವ ಪಟ್ಟಿಯನ್ನು. ಲಿಡೊಕೇನ್ ಜೊತೆ ಅಡ್ರಿನಲಿನ್ ಸೇರಿಸಿ ಸುಮಾರು ಅರ್ಧ ಗಂಟೆ ಕಾದರೆ ರಕ್ತನಾಳಗಳು ಕುಗ್ಗಿ, ಆ ಪಟ್ಟಿಯೇ ಬೇಡವಾಗುತ್ತದೆ. ಕೆನಡಾದ ಡಾ. ಡೊನಾಲ್ಡ್ ಲಲೋಂಡ್ ಅವರು ಹಬ್ಬಿಸಿದ ಈ ವಿಧಾನವನ್ನು ವಾಲಂಟ್ (ಪೂರ್ತಿ ಎಚ್ಚರ, ಆ ಜಾಗಕ್ಕಷ್ಟೇ ಅರಿವಳಿಕೆ, ಪಟ್ಟಿಯಿಲ್ಲ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎನ್ನುತ್ತಾರೆ. ಇದರಲ್ಲಿ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ, ಸಕ್ಕರೆ ಮಾತ್ರೆಯ ಹೊತ್ತು ತಪ್ಪುವುದಿಲ್ಲ. ನಿಮ್ಮ ತಾಯಿಯವರಿಗೆ ಇದು ಸಣ್ಣ ಲಾಭವಲ್ಲ. ಇನ್ನೊಂದು ಅನುಕೂಲವೂ ಇದೆ: ಹೊಲಿಗೆ ಹಾಕುವ ಮುನ್ನ ಸರ್ಜನ್ "ಬೆರಳು ಮಡಚಿ, ಬಿಡಿಸಿ ಅಮ್ಮಾ" ಎನ್ನುತ್ತಾರೆ, ಇನ್ನೂ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿಯೇ ಸರಿಪಡಿಸಬಹುದು. ಪೂರ್ತಿ ಎಚ್ಚರ ತಪ್ಪಿಸಿದರೆ ಇದಾಗದು. ಘನ ಆಹಾರವನ್ನೂ 6 ಗಂಟೆ ಮುಂಚೆಯೇ ನಿಲ್ಲಿಸಬೇಕು, ಎದ್ದ ಮೇಲೆ ವಾಂತಿ, ತಲೆಸುತ್ತು ಬರಬಹುದು.

ಇಷ್ಟೆಲ್ಲ ತಿಳಿದ ಮೇಲೂ ಅವರಿಗೆ ಧೈರ್ಯ ಬಾರದಿದ್ದರೆ, ಆ ಜಾಗವನ್ನು ಮರಗಟ್ಟಿಸಿ ಜೊತೆಗೆ ಲಘುವಾದ ಮಂಪರು ಕೊಡುವ ನಡುದಾರಿಯನ್ನು ಕೇಳಿ. ಮಂಪರಿಗೂ ಉಪವಾಸ ಬೇಕು, ಮನೆಗೆ ಕರೆದೊಯ್ಯಲು ಜೊತೆಗೊಬ್ಬರು ಇರಬೇಕು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಬೆರಳಿಗೆ ಅಡ್ರಿನಲಿನ್ ಕೊಟ್ಟರೆ ರಕ್ತ ಹರಿಯದೆ ಬೆರಳು ಕೊಳೆಯುತ್ತದೆ ಎಂದು ಕೇಳಿದ್ದೇನೆ, ಮೇಡಂ. ನಿಜವೇ?

ಉತ್ತರ: ವೈದ್ಯ ಪಠ್ಯಗಳೇ ಬಹುಕಾಲ ಹಾಗೆ ಬರೆದಿದ್ದವು. ಆ ಭಯದ ಬೇರಿರುವುದು ಲಿಡೊಕೇನ್ ಬಳಕೆಗೆ ಬರುವ ಮುಂಚಿನ, ಪ್ರೊಕೇನ್ ಎಂಬ ಹಳೆಯ ಮರಗಟ್ಟಿಸುವ ಔಷಧದ ಕಾಲದ ವರದಿಗಳಲ್ಲಿ. ಇಂದಿನ ಪ್ರಮಾಣದಲ್ಲಿ, ಆರೋಗ್ಯವಂತ ಬೆರಳಿಗೆ ಅದು ಸುರಕ್ಷಿತವೆಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಬೆರಳು ಬಿಳಿಚಿಕೊಂಡೇ ಉಳಿದರೆ ಫೆಂಟೊಲಮೈನ್ ಎಂಬ ಮಾರುಮದ್ದಿದೆ. ಬೆರಳಿನ ರಕ್ತಸಂಚಾರ ಮೊದಲೇ ಕೆಟ್ಟವರಿಗೆ ಮಾತ್ರ ಬೇರೆ ದಾರಿ ನೋಡಬೇಕು. ಹಾಗಾಗಿ ಸಕ್ಕರೆ ಕಾಯಿಲೆಯ ಜೊತೆಗೆ ಬೆರಳು ನೀಲಿಗಟ್ಟುವುದು, ವಾಸಿಯಾಗದ ಹುಣ್ಣು ಅಥವಾ ಹೃದಯದ ತೊಂದರೆ ಇದ್ದರೆ ಸರ್ಜನ್‌ಗೆ ಮೊದಲೇ ತಿಳಿಸಿ. ಇಂಜೆಕ್ಷನ್ ಆದ ಮೇಲೆ ಕೆಲವರಿಗೆ ಸ್ವಲ್ಪ ಹೊತ್ತು ಎದೆ ಡವಗುಟ್ಟಿ ಕೈ ನಡುಗುತ್ತದೆ. ಅದು ಅಡ್ರಿನಲಿನ್‌ನಿಂದ ಆಗುವಂಥದ್ದು, ತಾನೇ ಇಳಿಯುತ್ತದೆ ಎಂದು ಹಿರಿಯರಿಗೆ ಮುಂಚಿತವಾಗಿಯೇ ಹೇಳಿಡಿ.