ಮಲಗಿದಲ್ಲೇ ಇರುವ ಅಪ್ಪಾಜಿಯ ಕಾಲು ಆಡಿಸುವುದು ಹೇಗೆ? ಮಾಡಿದವರು ಹೇಳಿ

ದಾವಣಗೆರೆಯಿಂದ ಕೇಳುತ್ತಿದ್ದೇನೆ. ಅಪ್ಪಾಜಿಗೆ ಲಕ್ವ ಹೊಡೆದು ಎಡಗಡೆ ಸ್ವಾಧೀನ ಇಲ್ಲ. ಫಿಸಿಯೋಥೆರಪಿಯವರು ವಾರಕ್ಕೊಮ್ಮೆ ಬರುತ್ತಾರೆ, ಉಳಿದ ದಿನ ಮನೆಯವರೇ ಕಾಲು ಆಡಿಸಿ ಅಂದಿದ್ದಾರೆ. ಹಗಲು ಮನೆಯಲ್ಲಿ ನಾನೊಬ್ಬಳೇ. ಮುಟ್ಟಿದರೆ ಕಾಲು ಬಿಗಿಯುತ್ತದೆ, ಏನಾದರೂ ಆದೀತು ಅಂತ ಭಯ.

ಅಕ್ಕ, ಚಿತ್ರದುರ್ಗದಲ್ಲಿ ನಾವು ನಮ್ಮತ್ತೆಗೆ ಇದನ್ನೇ ಮಾಡುತ್ತಿದ್ದೇವೆ. ಲಕ್ವ ಆದವರ ಕಾಲು ಹಾಗೆ ಬಿಗಿಯುವುದು ಸಾಮಾನ್ಯ. ಜೋರಾಗಿ ಎಳೆದಷ್ಟೂ ಜಾಸ್ತಿ ಬಿಗಿಯುತ್ತದೆ. ಬಿಗಿ ಬಂದರೆ ಅಲ್ಲೇ ಹಿಡಿದು ನಿಲ್ಲಿ. ಬಿಡಬೇಡಿ, ತಳ್ಳಲೂಬೇಡಿ. ಸ್ವಲ್ಪ ಹೊತ್ತಿಗೆ ಸಡಿಲವಾಗುತ್ತದೆ.

ಒಂದು ಕೈ ಮೊಣಕಾಲಿನ ಕೆಳಗೆ, ಇನ್ನೊಂದು ಹಿಮ್ಮಡಿಯ ಕೆಳಗೆ ಇಟ್ಟು ಕಾಲು ಎತ್ತಿ. ಮಡಚಿ ಎದೆಯ ಕಡೆಗೆ ತಂದು ಮತ್ತೆ ಚಾಚಿಸಿ. ಆಮೇಲೆ ಕಾಲು ನೇರ ಇಟ್ಟುಕೊಂಡೇ ಪಕ್ಕಕ್ಕೆ ಸರಿಸಿ, ವಾಪಸ್ ತನ್ನಿ. ಒಂದೊಂದೂ ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ. ಸೊಂಟದ ಆಪರೇಷನ್ ಆಗಿದ್ದರೆ ಎಷ್ಟು ಮಡಚಬಹುದು ಅಂತ ಮೊದಲು ಡಾಕ್ಟರನ್ನು ಕೇಳಿ.

ಪಾದವನ್ನಂತೂ ಮರೆಯಲೇಬೇಡಿ. ಮಲಗಿದವರ ಪಾದ ಹೊದಿಕೆಯ ಭಾರಕ್ಕೂ ಕೆಳಗೆ ಬಾಗುತ್ತದೆ. ಹಾಗೇ ಬಿಟ್ಟರೆ ಹಿಮ್ಮಡಿಯ ಹಿಂದಿನ ಸ್ನಾಯು ಕುಗ್ಗಿ, ಮುಂದೆ ಎದ್ದು ನಿಲ್ಲಿಸಿದಾಗ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಅಂಗಾಲು ನಿಮ್ಮ ಮುಂಗೈಗೆ ಆನುವಂತೆ ಇಟ್ಟುಕೊಂಡು, ಪಾದವನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಒತ್ತಿ. 20–30 ಸೆಕೆಂಡ್ ಹಾಗೇ ಹಿಡಿಯಿರಿ. ಬೇರೆಯದಕ್ಕೆ ಸಮಯ ಸಿಗದ ದಿನವೂ ನಾನು ಇದನ್ನು ಬಿಡುವುದಿಲ್ಲ.

ಮಾಡುವಾಗ ಸುಮ್ನೆ ಇರಬೇಡಿ. "ಈಗ ಮಡಚ್ತೀನಿ ಅಪ್ಪಾಜಿ, ನೀವೂ ಎಳೀರಿ" ಅನ್ನಿ. ಮಾತು ಬಾರದಿದ್ದರೂ ಕೇಳಿಸುತ್ತದೆ ಅಲ್ವಾ. ಅವರ ಕಡೆಯಿಂದ ಚೂರು ಬಲ ಬಂದರೂ ಅಷ್ಟನ್ನು ಅವರೇ ಮಾಡಲಿ. ಕಣ್ಣು ಅವರ ಮುಖದ ಮೇಲಿರಲಿ, ನೋವಿಗೆ ಮುಖ ಹಿಂಡಿದರೆ ನಿಲ್ಲಿಸಿ.

ನಾನು ಹರಿಹರದಲ್ಲಿ ನರ್ಸ್. ಇದೊಂದನ್ನು ದಯವಿಟ್ಟು ಸೇರಿಸಿಕೊಳ್ಳಿ. ಶುರು ಮಾಡುವ ಮೊದಲು ದಿನಾ ಎರಡೂ ಕಾಲು ಹೋಲಿಸಿ ನೋಡಿ. ಒಂದೇ ಕಾಲಿನ ಮೀನಖಂಡ ಊದಿದ್ದರೆ, ಬಿಸಿಯಾಗಿದ್ದರೆ, ಕೆಂಪಾಗಿದ್ದರೆ ಅಥವಾ ಮುಟ್ಟಿದರೆ ನೋಯುತ್ತಿದ್ದರೆ ಆ ಕಾಲು ಆಡಿಸಬೇಡಿ. ಯಾರು ಹೇಳಿದರೂ ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದೇ ದಿನ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರಾಡಲು ಕಷ್ಟವಾದರೆ 108ಕ್ಕೆ ಫೋನ್ ಮಾಡಿ.

ನಾವೂ ದಾವಣಗೆರೆಯವರೇ, ಅಮ್ಮನನ್ನು ನೋಡಿಕೊಂಡ ಅನುಭವದಿಂದ ಹೇಳುತ್ತಿದ್ದೇನೆ. ಆರಾಮ ಅಂತ ಮೊಣಕಾಲಿನ ಕೆಳಗೆ ದಿಂಬು ಇಟ್ಟೇ ಬಿಟ್ಟರೆ ಮೊಣಕಾಲು ಮಡಚಿದಂತೆಯೇ ನಿಂತುಬಿಡುತ್ತದೆ. ಮೀನಖಂಡದ ಉದ್ದಕ್ಕೂ ತೆಳು ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ನಮ್ಮ ಬೇಸಿಗೆಯಲ್ಲಿ ರೆಕ್ಸಿನ್ ಮೇಲೆ ಬೆವರಿ ಹುಣ್ಣಾಗುವುದು ಬೇಗ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮಂಚ ತಗ್ಗಾಗಿದ್ದರೆ ಬೆನ್ನು ಬಗ್ಗಿಸಬೇಡಿ, ಒಂದು ಮೊಣಕಾಲನ್ನು ಮಂಚದ ಮೇಲೆ ಊರಿಕೊಳ್ಳಿ. ಫಿಸಿಯೋದವರು ಬಂದಾಗ ವಿಡಿಯೋ ಮಾಡಿಕೊಂಡರೆ ಸಾಲದು, ಅವರ ಎದುರಿಗೇ ನೀವೊಮ್ಮೆ ಮಾಡಿ. ಕೈ ಎಲ್ಲಿ ತಪ್ಪುತ್ತಿದೆ ಅಂತ ಅವರೇ ತಿದ್ದುತ್ತಾರೆ.