ಅಪ್‌ಡೇಟ್: ಮಗಳು ಬಿ.ಎ. ಸಂಗೀತಕ್ಕೇ ಸೇರಿದಳು

ಅಮೆರಿಕದಲ್ಲಿ ಸಂಗೀತ ಓದಲು ಬಿ.ಎ. ಒಳ್ಳೆಯದಾ, ಬಿ.ಮ್ಯೂಸಿಕ್ ಒಳ್ಳೆಯದಾ ಅಂತ ಹೋದ ವರ್ಷ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಬಿ.ಎ.ಗೇ ಸೇರಿದಳು. ಬಿ.ಮ್ಯೂಸಿಕ್‌ನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಂಗೀತವೇ. ಬಿ.ಎ.ಯಲ್ಲಿ ಮೂರನೇ ಒಂದು ಪಾಲು, ಸ್ವಲ್ಪ ಜಾಸ್ತಿ. ಜೊತೆಗೆ ಜೀವಶಾಸ್ತ್ರ, ಇತಿಹಾಸವನ್ನೂ ತಗೊಂಡಿದ್ದಾಳೆ.

ಕಷ್ಟವಾಗಿದ್ದು ಪಾಶ್ಚಾತ್ಯ ಸಂಗೀತದ ಥಿಯರಿ. ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತವಳಿಗೆ ಹಾರ್ಮನಿ, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಹೊಂದಿಸುವುದು, ಪೂರ್ತಿ ಹೊಸದು. ಕೇಳಿ ಸ್ವರ ಗುರುತಿಸುವ ಇಯರ್ ಟ್ರೈನಿಂಗ್ ಕ್ಲಾಸಿನಲ್ಲಿ ಪಿಯಾನೋ ಕೇಳಿ ಮೊದಲು ಪುಸ್ತಕದ ಅಂಚಿನಲ್ಲಿ ಸ ರಿ ಗ ಬರೆದುಕೊಳ್ಳುತ್ತಾಳೆ, ಆಮೇಲೆ ಪಾಶ್ಚಾತ್ಯರು ಸ್ವರ ಬರೆಯುವ ಐದು ಗೆರೆಗಳಿಗೆ ಇಳಿಸುತ್ತಾಳೆ. ಒಂದು ದಿನ ತೋಡಿ ರಾಗದ ಗಾಂಧಾರ (ಗ ಸ್ವರ) ಬರೆಯಲು ಹೋಗಿ ಮೂರು ಸಲ ಅಳಿಸಿದಳಂತೆ. ಆ ಗಮಕ, ಅಂದರೆ ಸ್ವರದ ಓಲಾಟ, ಐದು ಗೆರೆಯೊಳಗೆ ಕೂರುವುದಿಲ್ಲ ಅಲ್ವಾ? ಅದನ್ನೇ ಪ್ರಾಜೆಕ್ಟ್ ಮಾಡು ಅಂದಿದ್ದಾರೆ ಅವಳ ಪ್ರೊಫೆಸರ್. ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿಯಲ್ಲಿದ್ದ ಖುಷಿಗೆ ನನ್ನ ಕಣ್ಣು ತುಂಬಿತು.