ಕ್ರೋನ್ಸ್ ಕಾಯಿಲೆಯೋ, ಕರುಳಿನ ಕ್ಷಯವೋ: ಬಯಾಪ್ಸಿ ಆದಮೇಲೂ ತೀರದ ಅನುಮಾನ

ಪ್ರಶ್ನೆ (ದಾವಣಗೆರೆಯಿಂದ)

ನನ್ನ ತಮ್ಮನಿಗೆ 24 ವರ್ಷ. ಬಹಳ ದಿನಗಳಿಂದ ಹೊಟ್ಟೆಯ ಬಲಭಾಗದ ಕೆಳಗೆ ನೋವು, ಆಗಾಗ ಭೇದಿ, ಸಂಜೆಯಾದರೆ ಸಣ್ಣ ಜ್ವರ. ಮೊದಲು ಗ್ಯಾಸ್ಟ್ರಿಕ್ ಎಂದೂ, ಆಮೇಲೆ ಐಬಿಎಸ್ (ಗಾಯವಿಲ್ಲದೆಯೇ ಕರುಳಿನ ಕೆಲಸ ಏರುಪೇರಾಗುವ ತೊಂದರೆ) ಎಂದೂ ಮಾತ್ರೆ ಕೊಟ್ಟಿದ್ದರು. ತೂಕ ಇಳಿಯತೊಡಗಿದ ಮೇಲೆ ಕೊಲೊನೊಸ್ಕೋಪಿ (ಗುದದ ಮೂಲಕ ಕ್ಯಾಮೆರಾ ಕಳಿಸಿ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿದೆವು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹುಣ್ಣುಗಳಿವೆ. ಬಯಾಪ್ಸಿ ವರದಿಯಲ್ಲಿ ಗ್ರಾನ್ಯುಲೋಮಾ (ಉರಿಯೂತದ ಜೀವಕೋಶಗಳ ಸಣ್ಣ ಗಂಟು) ಇದೆ, ಕ್ಷಯದ ರೋಗಾಣು ಕಂಡಿಲ್ಲ, ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆ) ಅಥವಾ ಕ್ಷಯ ಇರಬಹುದು ಎಂದಷ್ಟೇ ಬರೆದಿದ್ದಾರೆ. ವೈದ್ಯರು ಕ್ಷಯದ ಔಷಧಿ ಆರಂಭಿಸಿ ಎರಡು ತಿಂಗಳ ನಂತರ ಮತ್ತೆ ನೋಡೋಣ ಎನ್ನುತ್ತಾರೆ. ಮನೆಯಲ್ಲಿ ಯಾರಿಗೂ ಟಿಬಿ ಬಂದಿಲ್ಲ, ಅವನಿಗೆ ಕೆಮ್ಮೂ ಇಲ್ಲ, ಎದೆಯ ಎಕ್ಸ್‌ರೇ ಸರಿಯಾಗಿದೆ. ಮಲದ ಕ್ಯಾಲ್ಪ್ರೊಟೆಕ್ಟಿನ್ 600 ದಾಟಿದೆ. ಅದರಿಂದ ಕ್ರೋನ್ಸ್ ಎಂದು ಖಚಿತವಾಗುವುದಿಲ್ಲವೇ? ಇದು ಊಹೆಯ ಮೇಲೆ ಕೊಡುವ ಚಿಕಿತ್ಸೆಯಲ್ಲವೇ?

ಉತ್ತರ (ಜಠರ ಮತ್ತು ಕರುಳು ರೋಗಗಳ ವೈದ್ಯ)

ವರದಿಗಳನ್ನು ಕಣ್ಣಾರೆ ನೋಡದೆ ನಿಮ್ಮ ತಮ್ಮನ ರೋಗ ಇಂಥದ್ದೇ ಎಂದು ಹೇಳಲಾರೆ. ಆದರೆ ನಿಮ್ಮ ವೈದ್ಯರ ದಾರಿ ಊಹೆಯದಲ್ಲ, ನಮ್ಮ ದೇಶದಲ್ಲಿ ಇಂಥ ಸಂದರ್ಭದಲ್ಲಿ ರೂಢಿಯಲ್ಲಿರುವ ಕ್ರಮವೇ ಅದು.

ಕ್ಯಾಲ್ಪ್ರೊಟೆಕ್ಟಿನ್ ಎಂಬುದು ಬಿಳಿ ರಕ್ತಕಣಗಳಲ್ಲಿರುವ ಪ್ರೋಟೀನ್. ಕರುಳಿನಲ್ಲಿ ಉರಿಯೂತವಿದ್ದರೆ ಅದು ಮಲದಲ್ಲಿ ಹೆಚ್ಚುತ್ತದೆ. ಸಾಮಾನ್ಯವಾಗಿ ಗ್ರಾಂಗೆ 50 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಉರಿಯೂತದ ಸಾಧ್ಯತೆ ಕಡಿಮೆ. ಐಬಿಎಸ್‌ನಲ್ಲಿ ಕರುಳಿನ ಒಳಪೊರೆಗೆ ಗಾಯವಾಗುವುದಿಲ್ಲವಾದ್ದರಿಂದ, 600 ಎಂಬ ಅಂಕಿ ಐಬಿಎಸ್‌ನ ಮಾತನ್ನು ಬಹುಮಟ್ಟಿಗೆ ತಳ್ಳಿಹಾಕುತ್ತದೆ. ಆದರೆ ಕ್ಷಯದಲ್ಲಿಯೂ, ಕ್ರೋನ್ಸ್‌ನಲ್ಲಿಯೂ, ಸೋಂಕಿನ ಭೇದಿಯಲ್ಲಿಯೂ, ಕೆಲವೊಮ್ಮೆ ನೋವಿನ ಮಾತ್ರೆಗಳ ದೀರ್ಘ ಬಳಕೆಯಿಂದಲೂ ಅದು ಏರುತ್ತದೆ. ಗಾಯವಿದೆ ಎಂದು ಹೇಳುವ ಈ ಪರೀಕ್ಷೆಗೆ ಗಾಯ ಯಾರು ಮಾಡಿದರೆಂದು ಹೇಳಲು ಬಾರದು.

ಎರಡೂ ರೋಗಗಳು ಹೆಚ್ಚಾಗಿ ಹಿಡಿಯುವುದು ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಅದೇ ಜಾಗವನ್ನು. ಕ್ಷಯದ ಹುಣ್ಣು ಕರುಳಿಗೆ ಅಡ್ಡಲಾಗಿ ಹರಡುವುದು, ಆ ಜಾಗದ ಕವಾಟ ವಿಕಾರವಾಗಿ ಬಾಯಿ ತೆರೆದುಕೊಂಡಿರುವುದು, ಸಿಟಿ ಸ್ಕ್ಯಾನ್‌ನಲ್ಲಿ ನಡುಭಾಗ ಕೊಳೆತ ದುಗ್ಧಗ್ರಂಥಿಗಳು (ಲಿಂಫ್ ಗಂಟುಗಳು) ಕಾಣುವುದು ಹೆಚ್ಚು. ಕ್ರೋನ್ಸ್‌ನಲ್ಲಿ ಹುಣ್ಣು ಉದ್ದುದ್ದವಾಗಿ ಸಾಗುತ್ತದೆ, ನಡುನಡುವೆ ಕರುಳು ಆರೋಗ್ಯವಾಗಿಯೇ ಉಳಿದಿರುತ್ತದೆ, ಗುದದ ಬಳಿ ಫಿಸ್ಟುಲಾ (ಕರುಳಿನಿಂದ ಚರ್ಮಕ್ಕೆ ತೆರೆದುಕೊಳ್ಳುವ ಕೊಳವೆಯಂಥ ದಾರಿ) ಆಗಬಹುದು. ಇವೆಲ್ಲ ಒಲವುಗಳೇ ಹೊರತು ನಿಯಮಗಳಲ್ಲ. ಬಯಾಪ್ಸಿಯಲ್ಲಿ ಗಿಣ್ಣಿನಂತೆ ಕೊಳೆತ ಗ್ರಾನ್ಯುಲೋಮಾ ಸಿಕ್ಕರೆ ಕ್ಷಯದ ಪರ ದೊಡ್ಡ ಸಾಕ್ಷ್ಯ, ಆದರೆ ಎಲ್ಲರಲ್ಲಿಯೂ ಸಿಗುವುದಿಲ್ಲ. ಜೀನ್‌ಎಕ್ಸ್‌ಪರ್ಟ್ (ಕ್ಷಯದ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಪಾಸಿಟಿವ್ ಬಂದರೆ ನಂಬಬಹುದು. ಕರುಳಿನ ಮಾದರಿಯಲ್ಲಿ ರೋಗಾಣುಗಳು ತೀರ ಕಡಿಮೆಯಿರುವುದರಿಂದ ನೆಗೆಟಿವ್ ಬಂದರೆ ಕ್ಷಯವಿಲ್ಲ ಎಂದಾಗುವುದಿಲ್ಲ. ಎದೆಯ ಎಕ್ಸ್‌ರೇ ಮಾತೂ ಹಾಗೆಯೇ: ಕರುಳಿನ ಕ್ಷಯವಿರುವ ಅನೇಕರ ಶ್ವಾಸಕೋಶ ಸ್ವಚ್ಛವಾಗಿರುತ್ತದೆ.

(1932ರಲ್ಲಿ ನ್ಯೂಯಾರ್ಕ್‌ನ ಕ್ರೋನ್, ಗಿನ್ಸ್‌ಬರ್ಗ್, ಒಪೆನ್‌ಹೈಮರ್ ಈ ಕಾಯಿಲೆಯನ್ನು ವಿವರಿಸಿದಾಗಲೂ ಅದನ್ನು ಕರುಳಿನ ಕ್ಷಯದಿಂದ ಬೇರ್ಪಡಿಸಿ ತೋರಿಸಬೇಕಾಗಿತ್ತು. ಇಂದಿಗೂ ನಮ್ಮ ಗೋಳು ಅದೇ.)

ಅನುಮಾನ ಉಳಿದಾಗ ಮೊದಲು ಕ್ಷಯಕ್ಕೆ ಮದ್ದು ಕೊಡುವುದೇಕೆಂದರೆ, ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್, ಇನ್‌ಫ್ಲಿಕ್ಸಿಮ್ಯಾಬ್ ಮುಂತಾದವು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಒಳಗಿರುವುದು ಕ್ಷಯವಾಗಿದ್ದರೆ ಅದು ಮೈಯೆಲ್ಲ ಹರಡಬಹುದು.

ಉತ್ತರ (ಮೈಸೂರಿನಿಂದ, ರೋಗಿಯ ಅಕ್ಕ)

ನನ್ನ ತಂಗಿಗೂ ಹೀಗೆಯೇ ಆಗಿತ್ತು. ಕ್ಷಯದ ಔಷಧಿ ಆರಂಭಿಸಿದ ಮೇಲೆ ಜ್ವರ ನಿಂತಿತು, ನೋವು ತಗ್ಗಿತು, ಅನ್ನ ಸೇರತೊಡಗಿತು. ಇನ್ನು ಕೊಲೊನೊಸ್ಕೋಪಿ ಏಕೆ, ಕರುಳು ಖಾಲಿ ಮಾಡಲು ಕೊಡುವ ಆ ಲೀಟರುಗಟ್ಟಲೆ ಭೇದಿಯ ಔಷಧಿ ನೀರನ್ನು ಮತ್ತೆ ಕುಡಿಯುವುದು ಬೇಡವೆಂದು ಅವಳು ಹಟ ಹಿಡಿದಳು. ವೈದ್ಯರು ಬಿಡಲಿಲ್ಲ. ನೋಡಿದರೆ ಹುಣ್ಣುಗಳು ಇದ್ದ ಹಾಗೆಯೇ ಇದ್ದವು. ಎಲ್ಲವನ್ನೂ ಮತ್ತೆ ಪರಿಶೀಲಿಸಿದ ಮೇಲೆ ಕ್ರೋನ್ಸ್ ಎಂದು ತೀರ್ಮಾನವಾಯಿತು. ಆದ್ದರಿಂದ ಎರಡನೆಯ ಕೊಲೊನೊಸ್ಕೋಪಿಯನ್ನು ಮಾತ್ರ ತಪ್ಪಿಸಬೇಡಿ. ಔಷಧಿ ತೆಗೆದುಕೊಂಡ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ರಕ್ತವೆಂದು ಗಾಬರಿಯಾಗಬೇಡಿ. ಅದು ಕ್ಷಯದ ಔಷಧಿಗಳಲ್ಲೊಂದಾದ ರಿಫಾಂಪಿಸಿನ್ ಬಣ್ಣ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ವಿಷಯ: ಪರಿಚಯದವರೊಬ್ಬರು, ಕೆಲವು ದಿನ ಸ್ಟೀರಾಯ್ಡ್ ಮಾತ್ರೆ ಕೊಟ್ಟು ನೋಡಿ, ಗುಣವಾದರೆ ಕ್ರೋನ್ಸ್ ಎಂದು ತಿಳಿಯುತ್ತದೆ ಎನ್ನುತ್ತಿದ್ದಾರೆ.

ಉತ್ತರ (ಜಠರ ಮತ್ತು ಕರುಳು ರೋಗಗಳ ವೈದ್ಯ)

ದಯವಿಟ್ಟು ಹಾಗೆ ಮಾಡಬೇಡಿ. ಸ್ಟೀರಾಯ್ಡ್ ಕೊಟ್ಟರೆ ಕ್ಷಯವಿದ್ದವರಿಗೂ ಮೊದಲ ಕೆಲವು ದಿನ ಹಿತವೆನಿಸಬಹುದು, ಒಳಗೆ ರೋಗ ಬೆಳೆಯುತ್ತಿರುತ್ತದೆ. ಮೈಸೂರಿನವರು ಹೇಳಿದಂತೆ ರೋಗಿಯ ನೆಮ್ಮದಿ ಇಲ್ಲಿ ಸಾಕ್ಷ್ಯವಾಗುವುದಿಲ್ಲ. ಹುಣ್ಣು ಮಾಯ್ದಿದೆಯೇ ಎಂಬುದನ್ನು ನೋಡಬೇಕು. ಮಾಯುತ್ತಿದ್ದರೆ ಆರು ತಿಂಗಳ ಕ್ಷಯ ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕು. ಮಾಯದಿದ್ದರೆ, ಔಷಧಿ ನಿರೋಧಕ ಕ್ಷಯವಲ್ಲವೆಂದು ನೋಡಿಕೊಂಡು ಕ್ರೋನ್ಸ್ ಚಿಕಿತ್ಸೆಗೆ ಹೋಗುತ್ತಾರೆ. ಈ ನಡುವೆ ವಾಂತಿ, ಕಣ್ಣು ಹಳದಿಯಾಗುವುದು ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಿ, ಯಕೃತ್ತಿನ ಪರೀಕ್ಷೆ ಆಗಬೇಕು. ಹೊಟ್ಟೆ ಉಬ್ಬಿ ಗಾಳಿಯೂ ಹೋಗದಂತಾದರೆ ಮರುದಿನಕ್ಕೆ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.